ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದಾಗ ಸಿಗುವುದು ಯಾವ ರೋಧ?

ಉಪಕರಣದ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅದರಲ್ಲಿ ಹರಿಯುವ ಕರೆಂಟಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ. ಹತ್ತನೇ ತರಗತಿ ದಾಟಿದವರಿಗೆಲ್ಲ ಇದು ಬಾಯಿಪಾಠ. ಎಡವಟ್ಟಾಗುವುದು ಭಾಗಾಕಾರದಲ್ಲಲ್ಲ, ಒಂದು ಸ್ಥಿತಿಯಲ್ಲಿ ಸಿಕ್ಕ ರೋಧವನ್ನು ಬೇರೆ ಸ್ಥಿತಿಗೂ ಹಾಗೆಯೇ ಅನ್ವಯಿಸುವುದರಲ್ಲಿ.

ಈ ಎಚ್ಚರ ಓಮ್ ನಿಯಮದ ಗೇಯಾರ್ಗ್ ಓಮ್‌ಗೆ ಇತ್ತು. ಆ ಕಾಲದ ಬ್ಯಾಟರಿಗಳ ವೋಲ್ಟೇಜು ಪ್ರಯೋಗ ನಡೆಯುತ್ತಿರುವಾಗಲೇ ಇಳಿದುಹೋಗುತ್ತಿತ್ತು. ಭೌತವಿಜ್ಞಾನಿ ಪೊಗ್ಗೆನ್‌ಡಾರ್ಫ್ ಕೊಟ್ಟ ಸಲಹೆಯಂತೆ ಅವನು ಬ್ಯಾಟರಿ ಬಿಟ್ಟು, ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮಕ್ಕೆ ಬಂದ. ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಉಷ್ಣತೆಯ ಅಂತರ ಕದಲದಿದ್ದುದರಿಂದ ವೋಲ್ಟೇಜೂ ಕದಲಲಿಲ್ಲ. ಬೇರೆ ಬೇರೆ ಉದ್ದದ ತಂತಿ ಜೋಡಿಸಿ, ಕಾಂತಸೂಚಿಯ ಹೊರಳಿಕೆಯಿಂದ ಕರೆಂಟನ್ನು ಅಳೆದು, 1826ರಲ್ಲಿ ಫಲಿತಾಂಶ ಪ್ರಕಟಿಸಿದ. ಮರುವರ್ಷ ಪುಸ್ತಕ ಬಂತು. ನಿಯಮಕ್ಕಿಂತ ಮೊದಲು ಅವನು ಸ್ಥಿತಿಯನ್ನು ಹಿಡಿದು ನಿಲ್ಲಿಸಿದ್ದ ಎಂಬುದು ನಮ್ಮ ಪಠ್ಯಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಸ್ಥಿತಿ ಬದಲಾದರೂ ಹೇಳಿದ ಮಾತು ಕೇಳುವ ಉಪಕರಣವೆಂದರೆ ಗೀಸರ್. 230 ವೋಲ್ಟ್‌ನಲ್ಲಿ 2000 ವ್ಯಾಟ್ ಎಂದಿದ್ದರೆ ಕರೆಂಟು 8.7 ಆಂಪಿಯರ್, ರೋಧ 26.45 ಓಮ್. ನೈಕ್ರೋಮ್ ಕಾಯಿಲ್ ಬಿಸಿಯಾದರೂ ಅದರ ರೋಧ ನೂರಕ್ಕೆ ಕೆಲವು ಪಾಲಿನಷ್ಟೇ ಏರುತ್ತದೆ, ಹಾಗಾಗಿ ಅದನ್ನು ಸ್ಥಿರವೆಂದೇ ಹಿಡಿಯಬಹುದು. ವೋಲ್ಟೇಜು 200ಕ್ಕೆ ಇಳಿದಾಗ ಸಾಮರ್ಥ್ಯ 1512 ವ್ಯಾಟ್‌ಗೆ ಕುಸಿಯುತ್ತದೆ. ಹದಿನೈದು ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಲು ಹದಿನೆಂಟು ನಿಮಿಷ ಸಾಕಾಗುತ್ತಿದ್ದಲ್ಲಿ ಈಗ ಇಪ್ಪತ್ತನಾಲ್ಕು ಬೇಕು. ಹೊರಗೆ ಸೋರುವ ಶಾಖವನ್ನು ಬಿಟ್ಟರೆ ಮೀಟರಿನಲ್ಲಿ ಓಡುವುದು ಎರಡೂ ಸಲ 0.61 ಯೂನಿಟ್ಟೇ. ಲೋ ವೋಲ್ಟೇಜಿನಿಂದ ಗೀಸರಿನ ಬಿಲ್ಲು ಹೆಚ್ಚುತ್ತದೆ ಎಂಬ ದೂರಿಗೆ ಈ ಲೆಕ್ಕದಲ್ಲಿ ಆಧಾರ ಸಿಗುವುದಿಲ್ಲ.

ತಂತುವಿನ ಬಲ್ಬಿನ ಕಥೆಯೇ ಬೇರೆ. 60 ವ್ಯಾಟ್ ಬಲ್ಬು 230 ವೋಲ್ಟ್‌ನಲ್ಲಿ ಎಳೆಯುವುದು 0.26 ಆಂಪಿಯರ್, ಭಾಗಿಸಿದರೆ ಸುಮಾರು 882 ಓಮ್. ಅದೇ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ಪೂರ್ತಿ ತಣ್ಣಗಾದ ಮೇಲೆ ಮಲ್ಟಿಮೀಟರಿನ ಕಡ್ಡಿಗಳನ್ನು ಕ್ಯಾಪಿಗೂ ಅದರಡಿಯ ಬೆಸುಗೆಯ ಚುಕ್ಕೆಗೂ ಸರಿಯಾಗಿ ಮುಟ್ಟಿಸಿದರೆ 65 ಓಮ್ ಆಸುಪಾಸು ತೋರಿಸುತ್ತದೆ. (ನಮ್ಮ ಎರಡು ಪಿನ್ನಿನ ಕ್ಯಾಪಿಗೆ ಎರಡೂ ಚುಕ್ಕೆಗಳನ್ನು ಮುಟ್ಟಿಸಬೇಕು, ಹೊರಗಿನ ಹಿತ್ತಾಳೆಯನ್ನು ಮುಟ್ಟಿದರೆ ಏನೂ ಬಾರದು.) ಮೀಟರು ಕೆಟ್ಟಿಲ್ಲ. ಟಂಗ್‌ಸ್ಟನ್ನಿನ ರೋಧ ಉಷ್ಣತೆಯೊಂದಿಗೆ ಏರುತ್ತದೆ. ಉರಿಯುವ ತಂತುವಿನ ಉಷ್ಣತೆ 2600 ಕೆಲ್ವಿನ್ ದಾಟಿರುವುದರಿಂದ ಹದಿಮೂರು ಹದಿನಾಲ್ಕು ಪಟ್ಟು ವ್ಯತ್ಯಾಸ ಸಹಜ. ತಣ್ಣನೆಯ ರೋಧವನ್ನೇ ನಂಬಿ ವೋಲ್ಟೇಜಿನ ವರ್ಗವನ್ನು ಅದರಿಂದ ಭಾಗಿಸಿದವನಿಗೆ ಈ ಪುಟ್ಟ ಬಲ್ಬು 800 ವ್ಯಾಟ್ ಮೀರಿದ್ದಾಗಿ ಕಾಣುತ್ತದೆ. ಆ ಉತ್ತರವೂ ಪೂರ್ತಿ ಸುಳ್ಳಲ್ಲ. ಸ್ವಿಚ್ ಹಾಕಿದ ಮೊದಲ ಕ್ಷಣಾರ್ಧದಲ್ಲಿ ತಂತು ಇನ್ನೂ ತಣ್ಣಗಿರುವುದರಿಂದ ಕರೆಂಟು 3.5 ಆಂಪಿಯರಿನವರೆಗೂ ಚಿಮ್ಮಬಹುದು. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದಾಗಲೇ ಫಳಕ್ಕೆಂದು ಹೋಗುವುದು ಇದರಿಂದಲೇ.

ವೋಲ್ಟೇಜು ಇಳಿದಾಗಲೂ ಬಲ್ಬು ಗೀಸರಿನಂತೆ ನಡೆದುಕೊಳ್ಳದು. ರೋಧ ಸ್ಥಿರವಾಗಿದ್ದರೆ 200 ವೋಲ್ಟ್‌ನಲ್ಲಿ 45 ವ್ಯಾಟ್ ಆಗಬೇಕಿತ್ತು. ತಂತು ತುಸು ತಣಿದು ಅದರ ರೋಧವೂ ಇಳಿಯುವುದರಿಂದ 48 ವ್ಯಾಟ್‌ನಷ್ಟು ಉಳಿಯುತ್ತದೆ. ಬೆಳಕು ಮಾತ್ರ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ.

ಪಂಪ್‌ಸೆಟ್ಟಿನ ಮೋಟಾರಿಗೆ ಈ ಭಾಗಾಕಾರವನ್ನು ಹಚ್ಚಿದರೆ ರೋಧವೇ ಸಿಗುವುದಿಲ್ಲ. ಮೂರು ಫೇಸಿನ ಐದು ಎಚ್‌ಪಿ ಮೋಟಾರೊಂದು 415 ವೋಲ್ಟ್‌ನಲ್ಲಿ 7.5 ಆಂಪಿಯರ್ ಎಳೆಯುತ್ತಿದೆ ಎನ್ನಿ. ಮೂರರ ವರ್ಗಮೂಲ ಸೇರಿಸಿ ಗುಣಿಸಿದರೆ 5391 ಬರುತ್ತದೆ, ಆದರೆ ಅದು ವೋಲ್ಟ್-ಆಂಪಿಯರ್. ಪವರ್ ಫ್ಯಾಕ್ಟರ್ 0.82 ಇದ್ದರೆ ನಿಜವಾದ ಸಾಮರ್ಥ್ಯ ಸುಮಾರು 4420 ವ್ಯಾಟ್. ಹೊರೆ ಹೊತ್ತು ತಿರುಗುವಾಗ ಸುರುಳಿಯಲ್ಲಿ ಹುಟ್ಟುವ ಪ್ರತಿ-ವೋಲ್ಟೇಜು ಕರೆಂಟನ್ನು ತಡೆಯುತ್ತಿರುತ್ತದೆ. ತಾಮ್ರದ ರೋಧದ ಪಾಲು ಅಲ್ಪ. ಹೀಗಾಗಿ ವೋಲ್ಟೇಜು ಇಳಿದರೆ ಕರೆಂಟು ಇಳಿಯುವ ಬದಲು ಏರುತ್ತದೆ: ಬೋರಿನ ಆಳ ಅಷ್ಟೇ, ಎತ್ತಬೇಕಾದ ನೀರೂ ಹೆಚ್ಚುಕಡಿಮೆ ಅಷ್ಟೇ, ಕಡಿಮೆ ವೋಲ್ಟೇಜಿನಲ್ಲಿ ಅದನ್ನು ಮಾಡಲು ಹೆಚ್ಚು ಆಂಪಿಯರ್ ಬೇಕು. ಕರೆಂಟು ನೂರಕ್ಕೆ ಹದಿನೈದು ಏರಿದರೆ ಸುರುಳಿಯ ಶಾಖ ನೂರಕ್ಕೆ ಮೂವತ್ತೆರಡು ಏರುತ್ತದೆ. ಕರೆಂಟಿನ ವರ್ಗಕ್ಕೆ ತಕ್ಕಂತೆ ಶಾಖ ಹುಟ್ಟುತ್ತದೆಂದು ಜೂಲ್ 1840ರ ದಶಕದ ಆರಂಭದಲ್ಲೇ ತೋರಿಸಿದ್ದ. ಲೋ ವೋಲ್ಟೇಜಿನಲ್ಲಿ ಮೋಟಾರು ಸುಟ್ಟು ರಿವೈಂಡಿಂಗ್ ಅಂಗಡಿ ಸೇರುವುದಕ್ಕೆ ಈ ವರ್ಗವೇ ಕಾರಣ.

ಶಾಲಾ ಪ್ರಯೋಗಾಲಯಗಳಲ್ಲಿ ಓಮ್ ನಿಯಮಕ್ಕೆ ಸಾಮಾನ್ಯವಾಗಿ ಕೊಡುವುದು ನೈಕ್ರೋಮ್ ಇಲ್ಲವೆ ಮ್ಯಾಂಗನಿನ್ ತಂತಿ. ಉಷ್ಣತೆಗೆ ಅಷ್ಟಾಗಿ ಜಗ್ಗದ ಲೋಹವದು, ನಕ್ಷೆಯ ಗೆರೆ ನೇರವಾಗಿ ಬರದೆ ಇರದು. ಅದರ ಜೊತೆಗೆ 12 ವೋಲ್ಟಿನ ವಾಹನದ ಬಲ್ಬೊಂದನ್ನೂ ಬ್ಯಾಟರಿಗೆ ಜೋಡಿಸಿ, ಒಂದು ವೋಲ್ಟಿನಿಂದ ಮೇಲಕ್ಕೆ ಪ್ರತಿ ಹಂತದಲ್ಲೂ ಕರೆಂಟು ಬರೆದುಕೊಳ್ಳುವಂತೆ ಶಿಕ್ಷಕರು ಹೇಳಬೇಕು. ಮನೆಯ 230 ವೋಲ್ಟ್ ಲೈನಿನಲ್ಲಿ ಈ ಪ್ರಯೋಗ ಬೇಡ. ರೋಧದ ಬೆಲೆ ಬರೆಯುವಾಗ ಅದು ಯಾವ ವೋಲ್ಟೇಜಿನಲ್ಲಿ ಸಿಕ್ಕಿದ್ದು ಎಂಬುದನ್ನು ಪಕ್ಕದಲ್ಲೇ ಬರೆಸಿ.