ಟಾರ್ಚು, ಸ್ಕೋಪು ಮತ್ತು ಆಂಡರ್ಸನ್

ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರಿಗೆ ಬೆಂಗಳೂರಿನ ಶಿಕಾರಿ ಕೆನೆತ್ ಆಂಡರ್ಸನ್ (1910–1974) ಗೊತ್ತು. ಅವರ .405 ವಿಂಚೆಸ್ಟರ್ ರೈಫಲ್ಲಿಗೆ ರಾತ್ರಿ ಕಟ್ಟುತ್ತಿದ್ದದ್ದು ಟಾರ್ಚು, ಸ್ಕೋಪ್ ಅಲ್ಲ. ಯಾಕೆ? ಮಚಾನಿನ ಕೆಳಗೆ ಬರೋ ನರಭಕ್ಷಕ ಕೆಲವೇ ಗಜ ದೂರ. ಬೇಕಾದ್ದು ಬೆಳಕು. ಗುರಿ ತಪ್ಪಿ ಗಾಯಗೊಂಡ ಹುಲಿ ಊರಿಗೇ ಅಪಾಯ.

1972ರ ವನ್ಯಜೀವಿ ಕಾಯ್ದೆ ಅಂಥ ಶಿಕಾರಿಗೆ ತೆರೆ ಎಳೆಯಿತು. ಆದರೆ ಕಲ್ವರ್ ಸಿಟಿಯಲ್ಲಿ ಕೂತು ಸ್ಕೋಪ್ ಹೋಲಿಸೋರಿಗೂ ಅದೇ ಲೆಕ್ಕ. ಮುಂದಿನ ಗಾಜಿನ ಅಗಲವನ್ನು ಜೂಮ್‌ನಿಂದ ಭಾಗಿಸಿ: ಕಣ್ಣಿಗೆ ತಲುಪೋ ಬೆಳಕಿನ ಅಗಲ ಸಿಗುತ್ತೆ. 3-9×40 ಬೇಟೆ ಸ್ಕೋಪ್, 3ರಲ್ಲಿ ಸುಮಾರು 13 ಮಿಲಿಮೀಟರ್. 5-25×56 ದೂರಗುರಿ ಸ್ಕೋಪ್, 25ರಲ್ಲಿ ಬರೀ 2.2. ಹಗಲಲ್ಲಿ ಸಾವಿರ ಗಜದಾಚೆಯ ಹಲಗೆಗೆ ಅದು ಸಾಕು. ಮುಸ್ಸಂಜೆಯ ಜಿಂಕೆಗೆ ಸಾಲದು.