ಯಾರು ಯಾರನ್ನು ಕಾಪಾಡಿದರು?

ಮಗಳ ಎರಡನೆಯ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದವಳು ಅಲ್ಲಿಯ ಚಳಿಗೆ ಹೆದರಿ ಮೂರು ತಿಂಗಳು ಹೆಚ್ಚುಕಡಿಮೆ ಮನೆಯೊಳಗೇ ಕಳೆದೆ. ಮಗುವಿಗೆ ಎಣ್ಣೆ ನೀರು ಹಾಕಿ ಮಲಗಿಸಿ, ಮಗಳಿಗೆ ಮೆಣಸಿನ ಸಾರು ಅನ್ನ ಬಡಿಸಿ, ಪಾತ್ರೆ ತೊಳೆದಿಟ್ಟ ಮೇಲೆ ಮಧ್ಯಾಹ್ನ ಕಳೆಯುವುದೇ ಕಷ್ಟವಾಗುತ್ತಿತ್ತು. ನನ್ನ ಬೇಸರ ಕಂಡು ಎದುರು ಮನೆಯ ನಿವೃತ್ತ ನರ್ಸ್ ಒಬ್ಬರು ಡಬ್ಬದ ತುಂಬ ಡಿವಿಡಿಗಳನ್ನು ತಂದುಕೊಟ್ಟರು. ‘ಕ್ಯಾಗ್ನಿ ಅಂಡ್ ಲೇಸಿ’ ಎಂಬ ಹಳೆಯ ಪೊಲೀಸ್ ಧಾರಾವಾಹಿ. ನ್ಯೂಯಾರ್ಕ್ ನಗರದ ಇಬ್ಬರು ಹೆಣ್ಣು ಪತ್ತೇದಾರರ ಕಥೆ.

ನನಗೆ ಪೊಲೀಸು, ಪಿಸ್ತೂಲು ಎಂದರೆ ಅಷ್ಟಕ್ಕಷ್ಟೆ. ಆದರೂ ನಾಲ್ಕು ಕಂತು ನೋಡುವಷ್ಟರಲ್ಲಿ ಆ ಇಬ್ಬರು ನಮ್ಮ ಬೀದಿಯವರೇ ಎನ್ನುವಷ್ಟು ಹತ್ತಿರವಾದರು. ಮೇರಿ ಬೆತ್ ಲೇಸಿ ಮಕ್ಕಳೊಂದಿಗಳು. ಗಂಡ ಹಾರ್ವಿ ಕಟ್ಟಡದ ಕೆಲಸದವನು. ಕೆಲಸವಿಲ್ಲದ ದಿನಗಳಲ್ಲಿ ಅಡಿಗೆ ಮಾಡಿ ಮಕ್ಕಳನ್ನು ನೋಡಿಕೊಳ್ಳುವವನು. ಕ್ರಿಸ್ಟೀನ್ ಕ್ಯಾಗ್ನಿ ಒಂಟಿ. ದುಡುಕು ಸ್ವಭಾವ, ಮೇಲೇರಬೇಕೆಂಬ ಹಟ. ಅಪ್ಪನೂ ಪೊಲೀಸಿನವನೇ ಆಗಿದ್ದವನು. ಠಾಣೆಯ ತುಂಬ ಗಂಡಸರು. ಇವರಿಬ್ಬರು ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಹೆಂಗಸರ ಶೌಚಾಲಯಕ್ಕೇ ಹೋಗಬೇಕು. ಕನ್ನಡಿಯ ಮುಂದೆ ನಿಂತು ಅವರು ಜಗಳವಾಡುವುದು, ಅಳುವುದು, ರಾಜಿಯಾಗುವುದು ನೋಡಿದಾಗ ಕಚೇರಿಯಲ್ಲಿ ದುಡಿದ ಯಾವ ಹೆಂಗಸಿಗಾದರೂ ತನ್ನ ನೌಕರಿಯ ದಿನಗಳು ನೆನಪಾಗದೆ ಇರಲಾರವು.

ವಾದ ಹತ್ತಿದ್ದು ನನಗೂ ಮಗಳಿಗೂ. “ಅಮ್ಮಾ, ಯಾವಾಗಲೂ ಕ್ರಿಸ್ ಮುಂದೆ ನುಗ್ಗುತ್ತಾಳೆ, ಮೇರಿ ಬೆತ್‌ನ ಜೀವ ಉಳಿಸುವವಳು ಅವಳೇ” ಎಂದು ಅವಳ ಪಕ್ಷ. “ನುಗ್ಗಿ ಸಿಕ್ಕಿಕೊಳ್ಳುವವಳೂ ಅವಳೇ, ಬಿಡಿಸಿಕೊಂಡು ಬರುವವಳು ಇವಳು” ಎಂದು ನನ್ನ ಪಕ್ಷ. ಕೊನೆಗೆ ಮಗಳು ಫ್ರಿಜ್ಜಿನ ಮೇಲಿದ್ದ ಚೀಟಿಯಲ್ಲಿ ಎರಡು ಸಾಲು ಮಾಡಿ, ಯಾರು ಯಾರನ್ನು ಕಾಪಾಡಿದರು ಎಂದು ಗೆರೆ ಎಳೆಯತೊಡಗಿದಳು. ಒಂದು ದಿನ ಎದುರು ಮನೆಯಾಕೆ ಕಾಫಿಗೆ ಬಂದವರು ಆ ಚೀಟಿ ನೋಡಿ ನಕ್ಕುಬಿಟ್ಟರು. ತಾವೂ ಗೆಳತಿಯರೂ ಇದೇ ವಿಷಯಕ್ಕೆ ವರ್ಷಗಟ್ಟಲೆ ಜಗಳವಾಡಿದ್ದೇವೆ ಎಂದರು. ಆಮೇಲೆ ಸ್ವಲ್ಪ ಹೆಮ್ಮೆಯಿಂದಲೇ, “ಅವರಿಬ್ಬರನ್ನೂ ಕಾಪಾಡಿದವರು ನಾವು” ಎಂದರು. ಆ ಮಾತಿನ ಹಿಂದಿನ ಚರಿತ್ರೆ ಹುಡುಕುತ್ತ ಹೋದಾಗ ನನಗೆ ಧಾರಾವಾಹಿಗಿಂತ ದೊಡ್ಡ ಕಥೆಯೊಂದು ಸಿಕ್ಕಿತು.

ನಿಜ ಜೀವನದಲ್ಲಿ ಇಂಥ ಜೋಡಿ ತೀರ ಹಳೆಯದೇನಲ್ಲ. ಅಮೆರಿಕದಲ್ಲಿ ಪೊಲೀಸ್ ಇಲಾಖೆಗೆ ಹೆಂಗಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸೇರಿದ್ದರೂ ಅವರಿಗೆ ಸಿಗುತ್ತಿದ್ದದ್ದು ಮಕ್ಕಳು, ಮಹಿಳಾ ಕೈದಿಗಳು, ಕಡತಗಳು ಇಂಥ ಕೆಲಸವೇ. 1968ರ ಸೆಪ್ಟೆಂಬರಿನಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಬೆಟ್ಟಿ ಬ್ಲಾಂಕೆನ್‌ಶಿಪ್ ಮತ್ತು ಎಲಿಜಬೆತ್ ಕೊಫಾಲ್ ಎಂಬ ಇಬ್ಬರು 47ನೆಯ ನಂಬರಿನ ಪೊಲೀಸ್ ಕಾರಿನಲ್ಲಿ ಗಸ್ತು ಹೊರಟರು. ಗಂಡಸರ ಹಾಗೆಯೇ ಗಸ್ತಿನ ಕೆಲಸ ಪಡೆದ ಮೊದಲ ಹೆಂಗಸರು ಅವರು. ತೊಟ್ಟದ್ದು ಸ್ಕರ್ಟು, ಪಿಸ್ತೂಲು ಇಟ್ಟುಕೊಂಡದ್ದು ಕೈಚೀಲದಲ್ಲಿ! ಸಮಾನ ಉದ್ಯೋಗಾವಕಾಶದ ಕಾನೂನು ಸರ್ಕಾರಿ ಇಲಾಖೆಗಳಿಗೂ ಅನ್ವಯವಾದದ್ದು 1972ರಲ್ಲಿ. ಆಮೇಲೆಯೇ ಊರೂರಿನ ಠಾಣೆಗಳು ಬಾಗಿಲು ತೆರೆಯಬೇಕಾಗಿ ಬಂತು.

ಸಿನಿಮಾದವರು ಮಾತ್ರ ಇನ್ನೂ ಹಿಂದೆಯೇ ಇದ್ದರು. ಕಷ್ಟದಲ್ಲಿ ಒಬ್ಬರಿಗೊಬ್ಬರು ಹೆಗಲು ಕೊಡುವ ಇಬ್ಬರು ಗಂಡಸರ ಕಥೆಗಳಿಗೆ ಹಾಲಿವುಡ್‌ನಲ್ಲಿ ಬರವಿರಲಿಲ್ಲ. ಹೆಂಗಸರಿಬ್ಬರು ಹಾಗಿರುವ ಚಿತ್ರಗಳೆಲ್ಲಿ? ಸಿನಿಮಾದಲ್ಲಿ ಹೆಣ್ಣಿನ ಚಿತ್ರಣ ಹೇಗೆ ಬಂದಿದೆ ಎಂಬುದರ ಬಗ್ಗೆ ಮಾಲಿ ಹ್ಯಾಸ್ಕೆಲ್ ಎಂಬ ವಿಮರ್ಶಕಿ ಬರೆದ ಪುಸ್ತಕವೊಂದು ಈ ಪ್ರಶ್ನೆಯನ್ನು ಎಬ್ಬಿಸಿತು. ಅದರಿಂದ ಪ್ರೇರಣೆ ಪಡೆದು 1974ರಲ್ಲಿ ಬಾರ್ಬರಾ ಆವೆಡನ್, ಬಾರ್ಬರಾ ಕಾರ್ಡೆ ಎಂಬ ಇಬ್ಬರು ಗೆಳತಿಯರು ಕೂಡಿ ಕ್ಯಾಗ್ನಿ ಮತ್ತು ಲೇಸಿಯರ ಕಥೆ ಬರೆದರು. ನಿರ್ಮಾಪಕ ಬಾರ್ನಿ ರೋಸನ್‌ಜ್ವೈಗ್ ಅದನ್ನು ಹಿಡಿದು ಸ್ಟುಡಿಯೋಗಳ ಬಾಗಿಲು ತಟ್ಟಿದರು. ಏಳು ವರ್ಷ ಯಾರಿಗೂ ಬೇಡವಾಗಿತ್ತು. 1981ರಲ್ಲಿ ಸಿ.ಬಿ.ಎಸ್. ವಾಹಿನಿ ಅದನ್ನು ಟೀವಿ ಚಿತ್ರವಾಗಿ ಪ್ರಸಾರ ಮಾಡಿದಾಗ ಜನ ಮುಗಿಬಿದ್ದು ನೋಡಿದರು. ಲೇಸಿಯಾಗಿ ಟೈನ್ ಡೇಲಿ, ಕ್ಯಾಗ್ನಿಯಾಗಿ ಲೊರೆಟ್ಟಾ ಸ್ವಿಟ್. ಸ್ವಿಟ್ ಆಗಲೇ ಬೇರೊಂದು ಧಾರಾವಾಹಿಗೆ ಒಪ್ಪಿಕೊಂಡಿದ್ದರಿಂದ 1982ರಲ್ಲಿ ಇದು ಧಾರಾವಾಹಿಯಾದಾಗ ಆ ಜಾಗಕ್ಕೆ ಮೆಗ್ ಫಾಸ್ಟರ್ ಎಂಬ ನಟಿ ಬಂದರು.

ಈ ಮೆಗ್ ಫಾಸ್ಟರ್ ಕಥೆ ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರ ಆರು ಕಂತುಗಳು ಪ್ರಸಾರವಾದವು. ಅಷ್ಟರಲ್ಲಿ ವಾಹಿನಿಯವರಿಗೆ ಇಬ್ಬರೂ ತೀರ ಗಡಸಾಗಿದ್ದಾರೆ, ಹೆಣ್ತನ ಸಾಲದು ಎಂಬ ಚಿಂತೆ ಹತ್ತಿತು. ಹೆಸರು ಹೇಳಿಕೊಳ್ಳದ ಅಧಿಕಾರಿಯೊಬ್ಬ ಪತ್ರಿಕೆಯೊಂದರ ಮುಂದೆ ಅದನ್ನು ಕೀಳು ಮಾತಿನಲ್ಲೇ ಆಡಿದ. ಫಾಸ್ಟರ್ ಅವರನ್ನು ತೆಗೆದುಹಾಕಿ, ಅದೇ ವರ್ಷದ ಅಕ್ಟೋಬರಿನಲ್ಲಿ ಹೊಂಗೂದಲಿನ ಶರನ್ ಗ್ಲೆಸ್ ಅವರನ್ನು ತಂದರು. ಕ್ಯಾಗ್ನಿಗೆ ಒಳ್ಳೆಯ ಬಟ್ಟೆಗಳು ಬಂದವು, ಸ್ಥಿತಿವಂತರ ಮನೆಯ ಹಿನ್ನೆಲೆ ಬಂತು. ಗ್ಲೆಸ್ ಅದ್ಭುತವಾಗಿ ನಟಿಸಿದರು, ಅದು ಬೇರೆ ಮಾತು. ಆದರೆ ಒಬ್ಬರನ್ನೊಬ್ಬರು ಕಾಪಾಡುವ ಹೆಂಗಸರ ಕಥೆಯಲ್ಲೇ ಒಬ್ಬಳನ್ನು ಕಾಪಾಡಲು ಆಗಲಿಲ್ಲವಲ್ಲ!

ಅಷ್ಟು ಮಾಡಿಯೂ 1983ರ ಮೇ ತಿಂಗಳಲ್ಲಿ ವಾಹಿನಿ ಧಾರಾವಾಹಿಯನ್ನೇ ನಿಲ್ಲಿಸಿತು. ಆಗ ಶುರುವಾಯಿತು ಪತ್ರಗಳ ಮಳೆ. ನಿರ್ಮಾಪಕರು ಅಭಿಮಾನಿಗಳಿಗೆ, ವಾಹಿನಿಗೂ ನಿಮ್ಮೂರಿನ ಪತ್ರಿಕೆಗಳಿಗೂ ಬರೆಯಿರಿ ಎಂದು ಕೇಳಿಕೊಂಡಿದ್ದರು. ಸಾವಿರಾರು ಜನ ಬರೆದರು, ಅವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ಎದುರು ಮನೆಯಾಕೆ ಆಗ ಇನ್ನೂ ಚಿಕ್ಕ ವಯಸ್ಸಿನವರು. ರಾತ್ರಿ ಪಾಳಿ ಮುಗಿಸಿ ಬಂದು ಅಡಿಗೆಮನೆಯ ಮೇಜಿನ ಮೇಲೆ ಪತ್ರ ಬರೆದದ್ದನ್ನು ಅವರು ನಿನ್ನೆ ಮೊನ್ನೆಯದೆಂಬಂತೆ ಹೇಳಿದರು. “ಕೆಲಸಕ್ಕೆ ಹೋಗಿ ಸುಸ್ತಾಗಿ ಮನೆಗೆ ಬರುವ ಹೆಂಗಸು ಟೀವಿಯಲ್ಲಿ ಇದ್ದದ್ದು ಅದೊಂದರಲ್ಲೇ” ಎಂಬುದು ಅವರ ಕಾರಣ.

ಪತ್ರಗಳಿಂದಲೇ ಎಲ್ಲ ಆಯಿತು ಎನ್ನುವಂತಿಲ್ಲ. ಆ ಬೇಸಿಗೆಯಲ್ಲಿ ಮರುಪ್ರಸಾರವಾದ ಕಂತುಗಳನ್ನು ನೋಡುವವರ ಸಂಖ್ಯೆಯೂ ಏರಿತು. ಸೆಪ್ಟೆಂಬರಿನಲ್ಲಿ ಟೈನ್ ಡೇಲಿಗೆ ಶ್ರೇಷ್ಠ ನಟಿಯೆಂದು ಎಮ್ಮಿ ಪ್ರಶಸ್ತಿ ಬಂತು. ನಿಲ್ಲಿಸಿದ ಧಾರಾವಾಹಿಗೆ ಪ್ರಶಸ್ತಿ ಬಂದರೆ ವಾಹಿನಿಯವರ ಮುಖ ಹೇಗಾಗಿರಬೇಡ! 1984ರ ಮಾರ್ಚಿನಲ್ಲಿ ಧಾರಾವಾಹಿ ಮತ್ತೆ ಬಂತು. ಬಂದದ್ದು 1988ರವರೆಗೆ ನಡೆಯಿತು, ಒಟ್ಟು 125 ಕಂತು. 1983ರಿಂದ 1988ರವರೆಗೆ ಆರು ವರ್ಷವೂ ಧಾರಾವಾಹಿ ವಿಭಾಗದ ಶ್ರೇಷ್ಠ ನಟಿಯ ಪ್ರಶಸ್ತಿ ಈ ಇಬ್ಬರನ್ನು ಬಿಟ್ಟು ಹೊರಗೆ ಹೋಗಲಿಲ್ಲ. ಡೇಲಿಗೆ ನಾಲ್ಕು, ಗ್ಲೆಸ್‌ಗೆ ಎರಡು.

ಮತ್ತೆ ನಮ್ಮ ಚೀಟಿಯ ವಿಷಯಕ್ಕೆ ಬರುತ್ತೇನೆ. ಮಗಳ ಗೆರೆಗಳೆಲ್ಲ ಗುಂಡು ಹಾರಿದ ಲೆಕ್ಕ. 1985ರ ಒಂದು ಕಥೆ ಬಂದಾಗ ಆ ಲೆಕ್ಕ ತಪ್ಪಿತು. ಮೇರಿ ಬೆತ್‌ಗೆ ಎದೆಯಲ್ಲಿ ಗಂಟು. ಕ್ಯಾನ್ಸರ್ ಎಂದು ತಿಳಿದ ಮೇಲೆ ಅವಳು ಅದರ ಮಾತೇ ಬೇಡವೆಂದು ತಪ್ಪಿಸಿಕೊಂಡು ತಿರುಗುತ್ತಾಳೆ. ಕಳ್ಳರಿಗೆ ಹೆದರದವಳು ಡಾಕ್ಟರಿಗೆ ಹೆದರುತ್ತಾಳೆ. ಕ್ರಿಸ್ ಬಿಡುವುದಿಲ್ಲ, ಬೈದು, ಬೆನ್ನು ಹತ್ತಿ, ಚಿಕಿತ್ಸೆಗೆ ಒಪ್ಪಿಸುತ್ತಾಳೆ. ಸ್ತನವನ್ನೇ ತೆಗೆಯದೆ ಗಂಟನ್ನು ಮಾತ್ರ ತೆಗೆದು ವಿಕಿರಣ ಚಿಕಿತ್ಸೆ ಕೊಡುವ ದಾರಿಯೂ ಇದೆ ಎಂಬುದನ್ನು ಎಷ್ಟೋ ಹೆಂಗಸರು ಮೊದಲು ಕೇಳಿದ್ದು ಆ ಕಥೆಯಲ್ಲೇ ಇರಬೇಕು. 1987ರಲ್ಲಿ ಸರದಿ ತಿರುಗಿತು. ಕುಡಿತದಲ್ಲಿ ಮುಳುಗಿದ್ದ ಅಪ್ಪ ತೀರಿಕೊಂಡಾಗ ಕ್ರಿಸ್ ತಾನೂ ಕುಡಿದು ಕುಡಿದು ನೆಲಕ್ಕೆ ಬೀಳುತ್ತಾಳೆ. ಆ ಹೊಲಸಿನ ನಡುವೆ ಹೋಗಿ ಅವಳನ್ನು ಎಬ್ಬಿಸಿ, ಇದು ಕಾಯಿಲೆ ಎಂದು ಮುಖಕ್ಕೆ ಹೇಳುವವಳು ಮೇರಿ ಬೆತ್. ಕೊನೆಗೆ ಕುಡಿತ ಬಿಟ್ಟವರ ಸಭೆಯಲ್ಲಿ ಕ್ರಿಸ್ ಎದ್ದು ನಿಂತು ತನ್ನ ಹೆಸರು ಹೇಳಿ, ತಾನು ಕುಡುಕಿ ಎಂದು ಒಪ್ಪಿಕೊಳ್ಳುತ್ತಾಳೆ. ಮಗಳು ಪೆನ್ನು ಹಿಡಿದು ಕೂತಿದ್ದವಳು, “ಇದನ್ನು ಯಾವ ಸಾಲಿಗೆ ಹಾಕಲಮ್ಮಾ?” ಎಂದಳು. ನನಗೆ ಉತ್ತರ ಹೇಳಲಾಗಲಿಲ್ಲ, ಗಂಟಲು ಕಟ್ಟಿತ್ತು.

ಕಾರಣವಿತ್ತು. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಹದಿನಾರು ವರ್ಷ ಕೂತ ಗೆಳತಿಯೊಬ್ಬಳಿದ್ದಳು. ನನ್ನ ಎದೆಯಲ್ಲೂ ಒಮ್ಮೆ ಗಂಟು ಕಾಣಿಸಿಕೊಂಡಿತ್ತು. ಪರೀಕ್ಷೆ ಮುಗಿಯಲಿ, ಅತ್ತೆಯ ಶ್ರಾದ್ಧ ಮುಗಿಯಲಿ ಎಂದು ನಾನು ದಿನ ದೂಡುತ್ತಿದ್ದೆ. ಅವಳಿಗೆ ಹೇಗೆ ಗೊತ್ತಾಯಿತೋ, ರಜ ಹಾಕಿ ಬೆಳಿಗ್ಗೆ ಆರರ ಬಸ್ಸಿಗೆ ನನ್ನನ್ನು ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಪುಣ್ಯಕ್ಕೆ ಅದು ಕೆಟ್ಟ ಗಂಟಲ್ಲ. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿಂದು ನಕ್ಕೆವು.

ನಾಲ್ಕೈದು ವರ್ಷದ ಮೇಲೆ ಅವಳು ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದಳು. ಸೆಕೆಯ ದಿನಗಳಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ಬರುತ್ತಿದ್ದಳು. ನಾನು ನೋಡಿದೆ. ಅರ್ಥವಾಗದಷ್ಟು ದಡ್ಡಿಯೇನಲ್ಲ. ಗಂಡ ಹೆಂಡಿರ ವಿಷಯ, ನಾವು ಕೇಳಬಾರದು ಎಂದುಕೊಂಡು ಹಾಜರಿ ಪುಸ್ತಕ ತಿರುವುತ್ತ ಕೂತೆ. ಒಂದು ಜೂನ್ ತಿಂಗಳಲ್ಲಿ ಅವಳು ಮಗನನ್ನು ಕರೆದುಕೊಂಡು ತವರೂರಿಗೆ ವರ್ಗ ಮಾಡಿಸಿಕೊಂಡು ಹೊರಟುಹೋದಳು. ತನ್ನನ್ನು ತಾನೇ ಕಾಪಾಡಿಕೊಂಡಳು ಎನ್ನಬೇಕು. ಪಕ್ಕದ ಕುರ್ಚಿಯವಳಿಂದ ಯಾವ ಸಹಾಯವೂ ಆಗಲಿಲ್ಲ.

ಗುಂಡು ಹಾರುವಾಗ ಅಡ್ಡ ಬರುವುದು ನಮ್ಮಂಥವರ ಪಾಲಿಗೆ ಬರುವ ಕೆಲಸವಲ್ಲ. ನಮಗೆ ಬರುವುದು ಸಣ್ಣ ಕೆಲಸ, ಕೇಳುವುದು. ಕೇಳಿದರೆ ಅವಳಿಗೆ ಸಿಟ್ಟು ಬಂದೀತು, ಸ್ನೇಹ ಕೆಟ್ಟೀತು ಎಂಬ ಭಯ ಇದ್ದೇ ಇರುತ್ತದೆ. ಆ ಇಬ್ಬರೂ ಅದಕ್ಕೆ ಹೆದರಲಿಲ್ಲ, ಎಷ್ಟೋ ಸಲ ಮಾತು ಬಿಟ್ಟರು, ಮತ್ತೆ ಆ ಕನ್ನಡಿಯ ಮುಂದೆ ಬಂದು ನಿಂತರು. ಹೆಂಗಸರು ಪತ್ರ ಬರೆದು ಉಳಿಸಿಕೊಂಡದ್ದು ಅದನ್ನೇ ಎಂದು ನನ್ನ ನಂಬಿಕೆ.

ಊರಿಗೆ ಮರಳಿದ ಮೇಲೆ ಗೆಳತಿಯ ನಂಬರು ಹುಡುಕಿ ಫೋನು ಮಾಡಿದೆ. ಅಂದು ಕೇಳದೆ ಉಳಿದದ್ದನ್ನು ಹೇಗೆ ಶುರುಮಾಡುವುದೆಂದು ನಾನು ತಡವರಿಸುತ್ತಿರುವಾಗ ಅವಳೇ, “ಅದೆಲ್ಲ ಇರಲಿ ಮಾರಾಯ್ತಿ, ಆ ಗಂಟು ಆಮೇಲೆ ಮತ್ತೆ ತೋರಿಸಿದೆಯೋ ಇಲ್ಲವೋ?” ಎಂದು ಕೇಳಿದಳು. ತೋರಿಸಿರಲಿಲ್ಲ. ಬರುವ ಗುರುವಾರಕ್ಕೆ ಡಾಕ್ಟರ ಬಳಿ ಸಮಯ ಕೇಳಿ ಇಟ್ಟಿದ್ದೇನೆ.