ಯುದ್ಧವೂ ಕೈಬಿಡದ ಪಾಠ

1895ರಲ್ಲಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದಾಗ ಅದನ್ನು ನಡೆಸುವವರಿಗೆ ಶಾಲೆಯಿರಲಿಲ್ಲ. ಕಿರಣ ಸರಿಯಾಗಿ ಬರುತ್ತಿದೆಯೇ ಎಂದು ಎಷ್ಟೋ ಮಂದಿ ತಮ್ಮ ಕೈಯನ್ನೇ ಒಡ್ಡಿ ನೋಡುತ್ತಿದ್ದರು. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡರು. ಈಗ ಯಂತ್ರವೇ ಲೆಕ್ಕ ಹಾಕುತ್ತದೆ, ತಂತ್ರಜ್ಞರಿಗೆ ಪದವಿ ಏಕೆ, ಕೆಲವು ತಿಂಗಳ ತರಬೇತಿ ಸಾಲದೇ ಎನ್ನುವವರಿದ್ದಾರೆ. ಸಿಬ್ಬಂದಿ ಸಿಗದ ಸಣ್ಣ ಊರುಗಳನ್ನು ನೆನೆದರೆ ಆ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಮೊದಲ ಮಹಾಯುದ್ಧದ ಪ್ಯಾರಿಸ್ ನೋಡಿ: ಗಾಯಾಳುಗಳು ಸಾಲುಗಟ್ಟಿದ್ದಾಗಲೂ, ಮೇರಿ ಕ್ಯೂರಿ ಸುಮಾರು 150 ಮಹಿಳೆಯರಿಗೆ ಕಲಿಸಿದ ಅವಸರದ ಕೋರ್ಸಿನಲ್ಲಿ ವಿದ್ಯುತ್ತಿನ ಪಾಠವೂ ಅಂಗರಚನಾಶಾಸ್ತ್ರವೂ ಇದ್ದವು. ಯುದ್ಧದ ತುರ್ತಿನಲ್ಲೂ ಬಿಡದ ಪಾಠವನ್ನು ಶಾಂತಿಕಾಲದಲ್ಲಿ ಉಳಿತಾಯದ ಹೆಸರಲ್ಲಿ ಕತ್ತರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಸಿ.ಟಿ. ಯಂತ್ರ ಕಿರಣದ ಪ್ರಮಾಣ ಸೂಚಿಸಬಹುದು. ಮೇಜಿನ ಮೇಲೆ ಮಲಗಿರುವುದು ಪುಟ್ಟ ಮಗು, ಪ್ರಮಾಣ ತಗ್ಗಿಸಬೇಕು ಎಂದು ಗಮನಿಸಬೇಕಾದವರು ಅದನ್ನು ನಡೆಸುವ ತಂತ್ರಜ್ಞರೇ.